ಯಾವ ಮಾಡು, ಯಾವ ಮರೆ? ಮುಂಬೈ, ಪುಣೆ, ಗೋವಾದ ಬಾಲ್ಕನಿ, ಟೆರೇಸ್, ಅಂಗಳಗಳಿಗೊಂದು ಹೋಲಿಕೆ

ಮನೆಯ ಹೊರಗಿನ ಜಾಗಕ್ಕೆ ನೆರಳು ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ತಗಡು ಒಳ್ಳೆಯದೋ, ಪಾಲಿಕಾರ್ಬೊನೇಟ್ (ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್ ಶೀಟು) ಒಳ್ಳೆಯದೋ ಎಂದು. ಆ ಜಾಗ ಯಾವ ಊರಿನಲ್ಲಿದೆ, ಯಾವ ದಿಕ್ಕಿಗೆ ತೆರೆದಿದೆ, ಎಷ್ಟನೆಯ ಮಹಡಿಯಲ್ಲಿದೆ ಎಂಬುದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗುವುದಿಲ್ಲ. ಮುಂಬೈಯ ಮುಲುಂಡ್‌ನ ಎಂಟನೆಯ ಮಹಡಿಯ ಬಾಲ್ಕನಿ, ಪುಣೆಯ ಕೋಥರೂಡ್‌ನ ಹಳೆಯ ಕಟ್ಟಡದ ಅಟ್ಯಾಚ್ಡ್ ಟೆರೇಸ್, ಗೋವಾದ ಪೋಂಡಾದ ಬಿಡಿಮನೆಯ ಅಂಗಳ, ಈ ಮೂರಕ್ಕೂ ಒಂದೇ ಅಂಗಡಿಯವರು ಒಂದೇ ವಸ್ತುವನ್ನು ಮಾರಬಹುದು. ಆದರೆ ಮೂರು ಕಡೆಯೂ ಅದು ಒಂದೇ ರೀತಿ ಬಾಳುವುದಿಲ್ಲ. ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ನಿಲುವು ಎರಡು ಮಾತಿನದು: ಕರಾವಳಿಯ ಊರುಗಳಲ್ಲಿ ಬಿಸಿಲಿಗೂ ಮಳೆಗೂ ಒಂದೇ ದುಬಾರಿ ಹೊದಿಕೆ ಹುಡುಕುವುದಕ್ಕಿಂತ ಸಾಧಾರಣ ಬೆಲೆಯ ಎರಡು ಏರ್ಪಾಡು ಮಾಡಿಕೊಳ್ಳುವುದು ಲೇಸು, ಮತ್ತು ತಲೆಯ ಮೇಲಿನ ಮಾಡಿಗಿಂತ (ಸೂರಿಗಿಂತ) ಮೊದಲು ಬದಿಯ ಮರೆಗೆ ಹಣ ಎತ್ತಿಡಬೇಕು.

ಮುಂಬೈಯ ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸರಾಸರಿ 2,300 ಮಿ.ಮೀ. ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿಯುತ್ತದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆ ನಗರಕ್ಕೆ ಸಿಗುವುದು ಸುಮಾರು 700 ಮಿ.ಮೀ. ಮಾತ್ರ, ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ಒಣ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಸಂಜೆಯ ಗುಡುಗುಮಳೆಯ ಜೊತೆ ಒಮ್ಮೊಮ್ಮೆ ಆಲಿಕಲ್ಲೂ ಬೀಳುತ್ತದೆ. ಹೀಗಾಗಿ ಪುಣೆಯವರು ಮೊದಲು ಬಿಸಿಲಿನ ಲೆಕ್ಕ ಹಾಕಬೇಕು, ಮುಂಬೈ ಮತ್ತು ಗೋವಾದವರು ಮಳೆ ಗಾಳಿಗಳ ಲೆಕ್ಕ ಹಾಕಬೇಕು. ಮುಂಬೈಯಲ್ಲಿ ಮಳೆಗಾಲ ಮುಗಿದೊಡನೆ ಅಕ್ಟೋಬರ್‌ನ ಸೆಕೆ ಶುರುವಾಗುವುದರಿಂದ, ಸೆಪ್ಟೆಂಬರ್ ಕೊನೆಗೆ ಮಳೆಯ ಹೊದಿಕೆ ಬಿಚ್ಚಿದವರಿಗೆ ಎರಡೇ ವಾರದಲ್ಲಿ ಮತ್ತೆ ನೆರಳು ಬೇಕೆನಿಸುತ್ತದೆ ಎಂಬುದನ್ನೂ ಮರೆಯಬಾರದು.

ದಿಕ್ಕಿನ ವಿಚಾರ ಇನ್ನೂ ಮುಖ್ಯ. ನೈಋತ್ಯ ಮುಂಗಾರಿನ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಬೇಸಿಗೆಯ ಸಂಜೆಯ ಬಿಸಿಲೂ ಅದೇ ಪಶ್ಚಿಮದಿಂದ ಬರುತ್ತದೆ. ಮೇ ತಿಂಗಳಲ್ಲಿ ಮುಂಬೈಯಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ದಿಗಂತದ ಮೇಲೆ 30 ಡಿಗ್ರಿಗಿಂತ ಕಡಿಮೆ ಎತ್ತರಕ್ಕೆ ಇಳಿದಿರುತ್ತಾನೆ. ಆಗ ಪಶ್ಚಿಮದ ಬಾಲ್ಕನಿಯ ಮೇಲೆ ನಾಲ್ಕು ಅಡಿ ಮುಂಚಾಚಿದ ಛಜ್ಜಾ ಇದ್ದರೂ ಅದರ ನೆರಳು ಗೋಡೆಯ ಮೇಲೆ ಎರಡು ಅಡಿಯಷ್ಟು ಮಾತ್ರ ಇಳಿಯುತ್ತದೆ, ಕುರ್ಚಿಯಲ್ಲಿ ಕೂತವರ ಮುಖಕ್ಕೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಇರಚಲು ಮಳೆಯೂ ಹಾಗೆಯೇ ಮಾಡಿನ ಕೆಳಗಿನಿಂದ ನುಗ್ಗಿ ಬಾಗಿಲ ಚೌಕಟ್ಟನ್ನು ನೆನೆಸುತ್ತದೆ. ದಕ್ಷಿಣದ ಕಡೆಗೆ ತೆರೆದ ಜಾಗದ ಕತೆ ಬೇರೆ. ಮುಂಬೈ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣದ ಆಕಾಶದಲ್ಲಿ ಸುಮಾರು 47 ಡಿಗ್ರಿಯವರೆಗೆ ಮಾತ್ರ ಏರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಒಂದು ಸಾಧಾರಣ ಮುಂಚಾಚು ಸಾಕು, ಚಳಿಗಾಲದ ಹಿತವಾದ ಬಿಸಿಲು ತಾನಾಗಿ ಒಳಬರುತ್ತದೆ. ಪೂರ್ವದ ಬಾಲ್ಕನಿಗೆ ಬೆಳಗಿನ ಬಿಸಿಲಿಗೊಂದು ಪರದೆ ಸಾಕಾಗುತ್ತದೆ, ಅಲ್ಲಿ ಹೆಚ್ಚು ಖರ್ಚು ಮಾಡಬೇಕಿಲ್ಲ.

ಇನ್ನು ಗಾಳಿ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗವು ವಿನ್ಯಾಸದ ಮೂಲ ವೇಗವೆಂದು ಮುಂಬೈಗೆ ಸೆಕೆಂಡಿಗೆ 44 ಮೀಟರ್, ಪುಣೆಗೆ 39 ಮೀಟರ್ ಎಂದು ಕೊಡುತ್ತದೆ. ಸೆಕೆಂಡಿಗೆ 44 ಮೀಟರ್ ಎಂದರೆ ಗಂಟೆಗೆ ಸುಮಾರು 158 ಕಿ.ಮೀ.; ಆ ವೇಗದ ಗಾಳಿ ಪ್ರತಿ ಚದರ ಮೀಟರ್ ಮೇಲೆ ನೂರು ಕಿಲೋಗೂ ಮಿಕ್ಕಿದ ಒತ್ತಡ ಹಾಕುತ್ತದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಹಾದುಹೋದಾಗ ಕೊಲಾಬಾದಲ್ಲಿ ಗಂಟೆಗೆ 114 ಕಿ.ಮೀ. ವೇಗದ ಗಾಳಿ ದಾಖಲಾಯಿತು. ಅದರ ಒತ್ತಡವೇ ಚದರ ಮೀಟರಿಗೆ ಸುಮಾರು 60 ಕಿಲೋ ಆಗುತ್ತದೆ. ಅರ್ಧ ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ ತೂಗುವುದು ನಾಲ್ಕೈದು ಕಿಲೋ, ಟೊಳ್ಳು ಪದರದ 6 ಮಿ.ಮೀ. ಪಾಲಿಕಾರ್ಬೊನೇಟ್ ಒಂದೂವರೆ ಕಿಲೋಗೂ ಕಡಿಮೆ. ಹತ್ತು ಚದರ ಮೀಟರಿನ ಒಂದು ಪುಟ್ಟ ಮಾಡನ್ನು ಗಾಳಿ ಅರ್ಧ ಟನ್ನಿಗೂ ಹೆಚ್ಚಿನ ಬಲದಿಂದ ಮೇಲಕ್ಕೆತ್ತಲು ನೋಡುವಾಗ ಅದನ್ನು ಹಿಡಿದಿಡುವುದು ಶೀಟಿನ ತೂಕವಲ್ಲ, ಬೋಲ್ಟುಗಳು ಮತ್ತು ಅವು ಕಚ್ಚಿಕೊಂಡಿರುವ ಕಾಂಕ್ರೀಟು. ಶೀಟು ಯಾವುದೆಂದು ವಾರಗಟ್ಟಲೆ ಚರ್ಚಿಸಿ, ಬೋಲ್ಟಿನ ವಿಚಾರವನ್ನು ಫ್ಯಾಬ್ರಿಕೇಟರ್‌ಗೆ ಬಿಟ್ಟುಬಿಡುವುದು ಅಪಾಯದ ಕೆಲಸ.

ಬದಿಯ ಮರೆಗಳು

ಬಾಲ್ಕನಿಗೆ ಈಗಾಗಲೇ ಮೇಲಿನ ಮಹಡಿಯ ಸ್ಲ್ಯಾಬೇ ಮಾಡಾಗಿರುವುದರಿಂದ ಅಲ್ಲಿ ಬೇಕಾಗಿರುವುದು ಬದಿಯ ಮರೆ ಮಾತ್ರ. ಬಿಸಿಲಿಗೆ ಬಿದಿರಿನ ಚಿಕ್ (ಕಡ್ಡಿಗಳನ್ನು ದಾರದಲ್ಲಿ ಹೆಣೆದ ಪರದೆ) ಇವತ್ತಿಗೂ ಒಳ್ಳೆಯ ಆಯ್ಕೆ ಎಂಬುದು ನನ್ನ ಎಣಿಕೆ. ಅದು ಬಿಸಿಲನ್ನು ಮುರಿಯುತ್ತದೆ, ಆದರೆ ಕಡ್ಡಿಗಳ ನಡುವಿನ ಸಂದಿಯಿಂದ ಗಾಳಿಯನ್ನು ಒಳಗೆ ಬಿಡುತ್ತದೆ. ಮಧ್ಯಾಹ್ನದ ನಂತರ ಸಮುದ್ರದಿಂದ ಬೀಸುವ ಗಾಳಿಯೇ ಮುಂಬೈಯ ಪಶ್ಚಿಮದ ಮನೆಗಳಿಗೆ ಆಧಾರವಾಗಿರುವಾಗ, ಬಿಸಿಲು ತಡೆಯುವ ನೆಪದಲ್ಲಿ ಗಟ್ಟಿ ಹಾಳೆಯಿಂದ ಆ ದಿಕ್ಕನ್ನೇ ಮುಚ್ಚಿದರೆ ಒಳಗೆ ಕೂರಲಾಗದಷ್ಟು ಸೆಕೆಯಾಗುತ್ತದೆ. ಚಿಕ್‌ನ ದೌರ್ಬಲ್ಯ ಮಳೆಗಾಲ: ಸತತವಾಗಿ ನೆನೆದರೆ ಹತ್ತಿಯ ದಾರ ಮೊದಲು ಕೊಳೆಯುತ್ತದೆ, ಬಿದಿರಿಗೆ ಬೂಷ್ಟು ಹಿಡಿಯುತ್ತದೆ. ನೈಲಾನ್ ದಾರದಲ್ಲಿ ಹೆಣೆದದ್ದನ್ನು ಕೇಳಿ ಕೊಂಡು, ಜೂನ್ ಆರಂಭಕ್ಕೆ ಬಿಚ್ಚಿ ಸುತ್ತಿಟ್ಟರೆ ಅದು ಹಲವು ಬೇಸಿಗೆ ಬಾಳುತ್ತದೆ. ಪುಣೆಯ ಒಣಹವೆಯಲ್ಲಿ ಲಾವಂಚದ ಪರದೆಗೆ ನೀರು ಚಿಮುಕಿಸಿದರೆ ನೀರು ಆವಿಯಾಗುತ್ತಾ ಗಾಳಿ ನಿಜಕ್ಕೂ ತಂಪಾಗುತ್ತದೆ. ಮುಂಬೈ, ಗೋವಾದ ತೇವದ ಗಾಳಿಯಲ್ಲಿ ನೀರು ಬೇಗ ಆವಿಯಾಗದ ಕಾರಣ ಅಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇರಚಲಿಗೆ ಬೇಕಾದದ್ದು ಬೇರೆ. ಪಾರದರ್ಶಕ ಪಿವಿಸಿ ಹಾಳೆಯ ಸುರುಳಿ ಪರದೆಗಳು ಈಗ ಸುಲಭವಾಗಿ ಸಿಗುತ್ತವೆ, ಬೆಳಕನ್ನು ಉಳಿಸಿಕೊಂಡು ನೀರನ್ನು ತಡೆಯುತ್ತವೆ. ಇವುಗಳಲ್ಲಿ ಎರಡು ಬಗೆ. ಕೆಳಗೊಂದು ಪೈಪಿನ ಭಾರವಷ್ಟೇ ಇರುವ, ಹಗ್ಗದಿಂದ ಸುತ್ತುವ ಅಗ್ಗದ ಪರದೆ ಜೋರು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ, ಎರಡೂ ಅಂಚುಗಳಿಂದ ನೀರು ಒಳಗೆ ಬರುತ್ತದೆ. ಎರಡೂ ಬದಿಯಲ್ಲಿ ಅಲ್ಯೂಮಿನಿಯಂ ಹಳಿಯೊಳಗೆ ಜಿಪ್‌ನಂತೆ ಕೂತು ಜಾರುವ ಪರದೆಗೆ ಬೆಲೆ ಕೆಲವು ಪಟ್ಟು ಹೆಚ್ಚು, ಆದರೆ ಸಮುದ್ರಕ್ಕೆ ಮುಖ ಮಾಡಿದ ಮೇಲಿನ ಮಹಡಿಗಳಲ್ಲಿ ನಿಲ್ಲುವುದು ಅದೊಂದೇ. ನಾಲ್ಕನೆಯ ಮಹಡಿಯವರೆಗೆ, ಎದುರಿಗೆ ಮರವೋ ಕಟ್ಟಡವೋ ಇದ್ದರೆ, ಅಗ್ಗದ ಪರದೆಯ ಕೆಳಪೈಪನ್ನು ಕಟಕಟೆಗೆ ಎರಡು ಕಡೆ ಬಿಗಿಯುವಂತೆ ಮಾಡಿಕೊಂಡರೆ ಸಾಕು. ಪಿವಿಸಿಯನ್ನು ಬೇಸಿಗೆಯಲ್ಲಿ ಇಳಿಬಿಟ್ಟಿರಬಾರದು. ಬಿಸಿಲಿಗೆ ಅದು ಹಳದಿಯಾಗಿ ಗಡುಸಾಗುತ್ತದೆ.

ಹಸಿರು ಶೇಡ್ ನೆಟ್ ಶೇ. 50, 75, 90 ಎಂಬ ನೆರಳಿನ ಪ್ರಮಾಣಗಳಲ್ಲಿ ಸಿಗುತ್ತದೆ. ಗಿಡಗಳಿಗೆ ಶೇ. 50ರದ್ದು, ಮನುಷ್ಯರಿಗೆ ಶೇ. 75ರದ್ದು ಹಿತ. ಮಳೆಯನ್ನು ಅದು ತಡೆಯುವುದಿಲ್ಲ, ಹನಿಗಳನ್ನು ಒಡೆದು ಸಣ್ಣದಾಗಿಸುತ್ತದೆ ಅಷ್ಟೆ. ದೀಪಾವಳಿಯ ರಾಕೆಟ್ಟಿನ ಕಿಡಿಗೆ ಅದು ಕ್ಷಣದಲ್ಲಿ ಹೊತ್ತಿಕೊಳ್ಳುವುದರಿಂದ ಒತ್ತೊತ್ತಾದ ಕಟ್ಟಡಗಳಲ್ಲಿರುವವರು ಆ ವಾರ ಅದನ್ನು ಇಳಿಸಿಡುವುದು ಕ್ಷೇಮ.

ಅಂಗಳವಿದ್ದವರಿಗೆ ಚಪ್ಪರದಷ್ಟು ಸೊಗಸಾದ ನೆರಳು ಇನ್ನೊಂದಿಲ್ಲ. ಎಲೆಗಳು ನೀರನ್ನು ಆವಿಯಾಗಿಸುವುದರಿಂದ ಹಸಿರು ಚಪ್ಪರದ ಕೆಳಗೆ ತಗಡಿನ ಕೆಳಗಿನ ಹಾಗೆ ಧಗೆ ಇಳಿಯುವುದಿಲ್ಲ. ಮಧುಮಾಲತಿ ಬೇಗ ಹಬ್ಬುತ್ತದೆ, ಬಸಳೆ ಮತ್ತು ತೊಂಡೆಯ ಚಪ್ಪರ ಅಡುಗೆಮನೆಗೂ ಉಪಕಾರಿ. ಕರಾವಳಿ ಕರ್ನಾಟಕದಿಂದ ಬಂದ ಅನೇಕ ಕುಟುಂಬಗಳು ವಸಾಯಿ, ವಾಸ್ಕೋದ ಹಿತ್ತಲುಗಳಲ್ಲಿ ಇದನ್ನು ಇಂದಿಗೂ ಉಳಿಸಿಕೊಂಡಿವೆ. ಮಳೆಯಿಂದ ರಕ್ಷಣೆ ಇದರಿಂದ ಸಿಗದು, ಬಳ್ಳಿ ಮೈತುಂಬಲು ಒಂದೆರಡು ವರ್ಷವೂ ಬೇಕು. ಅಷ್ಟು ತಾಳ್ಮೆ ಇದ್ದವರಿಗೆ ನಾನು ಸೂಚಿಸುವುದು ಇದನ್ನೇ.

ತಲೆಯ ಮೇಲಿನ ಮಾಡು

ಮುಂಬೈಯ ಮಳೆಗಾಲದ ನೀಲಿ ತಾಡಪತ್ರಿ (ಟಾರ್ಪಾಲಿನ್) ಎಲ್ಲಕ್ಕಿಂತ ಅಗ್ಗ. ಅದನ್ನು ಬಣ್ಣ ನೋಡಿ ಕೊಳ್ಳದೆ ಜಿಎಸ್‌ಎಂ, ಅಂದರೆ ಚದರ ಮೀಟರಿನ ತೂಕ ಕೇಳಿ ಕೊಳ್ಳಬೇಕು. ತಾಡಪತ್ರಿ ಹರಿಯುವುದು ನಡುವಿನಲ್ಲಲ್ಲ, ಹಗ್ಗ ಕಟ್ಟುವ ಕಣ್ಣಿಗಳ ಹತ್ತಿರ. ಹಾಗಾಗಿ ಅಂಚು ಮಡಚಿ ಒಳಗೆ ಹಗ್ಗ ಸೇರಿಸಿ ಹೊಲಿದಿದೆಯೇ, ಕಣ್ಣಿಗಳು ಹತ್ತಿರ ಹತ್ತಿರ ಇವೆಯೇ ಎಂದು ಕೈಯಾಡಿಸಿ ನೋಡಬೇಕು. ಸಡಿಲವಾಗಿ ಕಟ್ಟಿದ ತಾಡಪತ್ರಿಯ ಮಡಿಕೆಯಲ್ಲಿ ನೀರು ನಿಂತರೆ ಎರಡು ತೊಂದರೆ. ಒಂದು ಚದರ ಮೀಟರಿನಲ್ಲಿ ಒಂದು ಸೆಂ.ಮೀ. ನೀರು ನಿಂತರೆ ಹತ್ತು ಕಿಲೋ ಭಾರವಾಗುತ್ತದೆ; ವಾರ ಕಳೆದರೆ ಆ ನೀರಿನಲ್ಲೇ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಟ್ಟು ಮರಿಯಾಗುತ್ತದೆ. ಬಾಡಿಗೆ ಮನೆಯವರಿಗೆ, ಇನ್ನೊಂದೆರಡು ವರ್ಷದಲ್ಲಿ ಮನೆ ಬದಲಿಸುವವರಿಗೆ ಇದು ಸರಿಯಾದ ಆಯ್ಕೆ.

ಬಣ್ಣದ ಲೇಪವಿರುವ ತಗಡು ಗಟ್ಟಿ, ಅದರ ಕೆಲಸ ಬಲ್ಲವರೂ ಎಲ್ಲ ಕಡೆ ಸಿಗುತ್ತಾರೆ. ಆದರೆ ಬಿಸಿಲಿನಲ್ಲಿ ಕಾದ ತಗಡು ಕೆಳಗಿರುವವರ ತಲೆಗೆ ಧಗೆ ಸೂಸುತ್ತದೆ, ಜುಲೈಯ ಮಳೆಯಲ್ಲಿ ಅದರ ಕೆಳಗೆ ಮಾತು ಕೇಳಿಸುವುದಿಲ್ಲ. ಬಿಳಿ ಅಥವಾ ತಿಳಿ ಬಣ್ಣ ಆರಿಸಿದರೆ ಕಾವು ಕಡಿಮೆಯಾಗುತ್ತದೆ. ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಹಾಕಿಸಿದರೆ ಧಗೆಯೂ ಸದ್ದೂ ಬಹಳಷ್ಟು ಇಳಿಯುತ್ತವೆ. ಪುಣೆಯ ಟೆರೇಸುಗಳಿಗೆ ಮಾಡು ಬೇಕೇಬೇಕೆಂದರೆ ನನ್ನ ಮೊದಲ ಆಯ್ಕೆ ಬಿಳಿ ಪಫ್ ಪ್ಯಾನೆಲ್. ಸಮುದ್ರದ ಹತ್ತಿರ ತುಕ್ಕು ಶುರುವಾಗುವುದು ಕತ್ತರಿಸಿದ ಅಂಚಿನಿಂದ ಮತ್ತು ಸ್ಕ್ರೂ ಹೊಡೆದ ತೂತಿನಿಂದ. ಕೆಲಸದವರು ಗ್ರೈಂಡರ್‌ನಿಂದ ಶೀಟು ಕತ್ತರಿಸುವಾಗ ಹಾರುವ ಕಿಡಿಗಳು ಲೇಪವನ್ನು ಸುಟ್ಟು ಸಣ್ಣ ಸಣ್ಣ ಕಲೆ ಮಾಡುತ್ತವೆ. ಮುಂದಿನ ಮಳೆಗಾಲದ ಹೊತ್ತಿಗೆ ಪ್ರತಿ ಕಲೆಯೂ ಒಂದು ತುಕ್ಕಿನ ಚುಕ್ಕಿಯಾಗಿರುತ್ತದೆ. ತಗಡಿನ ಕತ್ತರಿಯಿಂದಲೇ ಕತ್ತರಿಸಬೇಕೆಂದು ಮೊದಲೇ ಹೇಳಬೇಕು.

ಪಾಲಿಕಾರ್ಬೊನೇಟ್ ಬೇಕೆನ್ನುವವರು ಅದರ ಬೆಳಕಿಗೆ ಮನಸೋತಿರುತ್ತಾರೆ. ಪೂರ್ತಿ ಪಾರದರ್ಶಕ ಶೀಟು ಬೆಳಕಿನ ಜೊತೆ ಬಿಸಿಲಿನ ಕಾವನ್ನೂ ಒಳಗೆ ಬಿಡುತ್ತದೆ, ಸುತ್ತ ಮುಚ್ಚಿದ್ದರೆ ಕಾವು ಅಲ್ಲೇ ಉಳಿಯುತ್ತದೆ; ಆದ್ದರಿಂದ ನಮ್ಮ ಹವೆಗೆ ಹಾಲುಬಿಳಿ ಬಣ್ಣದ್ದೇ ಸರಿ. ಈ ವಸ್ತುವಿನ ಆಯುಷ್ಯ ನಿರ್ಧಾರವಾಗುವುದು ಜೋಡಣೆಯಲ್ಲಿ. ಅತಿನೇರಳೆ ಕಿರಣ ತಡೆಯುವ ಲೇಪ ಸಾಮಾನ್ಯವಾಗಿ ಒಂದೇ ಮೈಗೆ ಇರುತ್ತದೆ, ಅದನ್ನು ಸೂಚಿಸುವ ಫಿಲ್ಮ್ ಶೀಟಿನ ಮೇಲೆ ಅಂಟಿರುತ್ತದೆ. ಆ ಮೈ ಮೇಲೆ ಬರದಿದ್ದರೆ ಕೆಲವೇ ವರ್ಷಗಳಲ್ಲಿ ಶೀಟು ಹಳದಿಯಾಗಿ ಬಿರಿಯುತ್ತದೆ. ಪಾಲಿಕಾರ್ಬೊನೇಟ್ ಬಿಸಿಲಿಗೆ ಗಮನಾರ್ಹವಾಗಿ ಹಿಗ್ಗುತ್ತದೆ: ಮೂರು ಮೀಟರ್ ಉದ್ದದ ಶೀಟು 30 ಡಿಗ್ರಿ ಏರಿಳಿತಕ್ಕೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಸ್ಕ್ರೂವಿನ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಮೇಲೊಂದು ರಬ್ಬರ್ ವಾಷರ್ ಬೇಕು. ಬಿಗಿಯಾಗಿ ತಿರುಗಿಸಿದ ಸ್ಕ್ರೂವಿನ ಸುತ್ತಲೇ ಮೊದಲ ಬಿರುಕು ಕಾಣುವುದು. ಟೊಳ್ಳು ಪದರದ ಶೀಟಿನ ಕೊಳವೆಗಳು ಇಳಿಜಾರಿನ ದಿಕ್ಕಿಗೇ ಇರಬೇಕು, ಮೇಲಿನ ತುದಿಯನ್ನು ಅಲ್ಯೂಮಿನಿಯಂ ಟೇಪಿನಿಂದ ಪೂರ್ತಿ ಮುಚ್ಚಿ, ಕೆಳತುದಿಗೆ ತೇವ ಹೊರಹೋಗುವಂತಹ ಟೇಪು ಹಾಕಬೇಕು. ನಗರದ ಎಷ್ಟೋ ಟೆರೇಸುಗಳಲ್ಲಿ ಶೀಟಿನೊಳಗೆ ಹಸಿರು ಪಾಚಿಯ ಗೆರೆಗಳು ಸಾಲಾಗಿ ಕಾಣುತ್ತವೆ. ಈ ಟೇಪನ್ನು ಬಿಟ್ಟ ಕೆಲಸದ ಗುರುತು ಅದು, ಒಮ್ಮೆ ಪಾಚಿ ಒಳಹೊಕ್ಕರೆ ತೊಳೆದು ತೆಗೆಯುವ ದಾರಿಯಿಲ್ಲ. ಗೋವಾದಲ್ಲಿ ತೆಂಗಿನ ಮರದ ಕೆಳಗೆ ಮಾಡು ಹಾಕುವವರು ಟೊಳ್ಳು ಪದರದ್ದನ್ನು ಬಿಟ್ಟು ಇಡಿಗಟ್ಟಿ ಶೀಟು ಆರಿಸಬೇಕು. ಗಾಜಿನ ಮಾಡು ಅಲ್ಲಿಗೆ ಬೇಡವೇ ಬೇಡ.

ಬಿಡಿಮನೆಯ ಅಂಗಳಕ್ಕೆ, ಜಗಲಿಗೆ ಮಂಗಳೂರು ಹೆಂಚಿನಷ್ಟು ಹೊಂದುವ ಶಾಶ್ವತ ಮಾಡು ಬೇರೆ ಇಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು ಗೋವಾದ ಮನೆಗಳಿಗೂ ಹಳೆಯ ಮುಂಬೈಗೂ ಹೊಸದಲ್ಲ. ಹೆಂಚುಗಳ ಸಂದಿಯಲ್ಲಿ ಗಾಳಿಯಾಡುತ್ತದೆ, ತೆಂಗಿನಕಾಯಿ ಬಿದ್ದರೆ ಒಡೆದ ಒಂದೆರಡನ್ನಷ್ಟೇ ಬದಲಿಸಬಹುದು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು, ಒಂದೊಂದೂ ಎರಡರಿಂದ ಮೂರು ಕಿಲೋ ತೂಗುತ್ತದೆ. ಮಾಡಿನ ಇಳಿಜಾರು 30 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಈ ತೂಕ ಮತ್ತು ಎತ್ತರದ ಕಾರಣದಿಂದ ಫ್ಲ್ಯಾಟಿನ ಟೆರೇಸಿಗೆ ಇದು ಹೊಂದುವುದಿಲ್ಲ.

ಬಟ್ಟೆಯ ನೆರಳು

ಮೂಲೆಗಳನ್ನು ಎಳೆದು ಕಟ್ಟುವ ತ್ರಿಕೋನಾಕಾರದ ಬಟ್ಟೆಗಳು, ಅಂದರೆ ಶೇಡ್ ಸೇಲ್‌ಗಳು, ನೋಡಲು ಚೆಂದ, ಪುಣೆಯ ಬಂಗಲೆಗಳ ಅಂಗಳಕ್ಕೆ ಅಕ್ಟೋಬರ್‌ನಿಂದ ಮೇವರೆಗೆ ಚೆನ್ನಾಗಿ ಒದಗುತ್ತವೆ. ಹೆಣೆದ ಬಟ್ಟೆಯದ್ದು ಮಳೆ ತಡೆಯುವುದಿಲ್ಲ. ಪಿವಿಸಿ ಲೇಪದ್ದು ತಡೆಯುತ್ತದೆ, ಆದರೆ ಇಳಿಜಾರು ಸಾಲದಿದ್ದರೆ ನಡುವೆ ಹೊಟ್ಟೆಬಿಟ್ಟು ನೀರು ತುಂಬಿಕೊಳ್ಳುತ್ತದೆ. ಎರಡರಲ್ಲಿ ಯಾವುದನ್ನೂ ಮುಂಬೈ, ಗೋವಾದ ಮಳೆಗಾಲದಲ್ಲಿ ಕಟ್ಟಿಟ್ಟಿರಬಾರದು. ಮಡಚುವ ತೋಳಿನ ಆನಿಂಗ್ (ಗೋಡೆಯಿಂದ ಮುಂದಕ್ಕೆ ಚಾಚುವ ಬಟ್ಟೆಯ ಮಾಡು) ಕೂಡ ಮೂಲತಃ ಬಿಸಿಲಿನ ಸಾಧನ. ಸಣ್ಣ ಮಳೆಗೆ ಅದು ಒದಗಬೇಕಾದರೆ ಬಟ್ಟೆ ಕನಿಷ್ಠ 14 ಡಿಗ್ರಿಯಷ್ಟಾದರೂ ಇಳಿಜಾರಾಗಿರಬೇಕು, ಗಾಳಿ ಎದ್ದೊಡನೆ ಮಡಚಲೇಬೇಕು. ಹಗಲೆಲ್ಲ ಕೆಲಸಕ್ಕೆ ಹೋಗುವ ಮನೆಯವರು ಇದನ್ನು ಕೊಳ್ಳುವುದಾದರೆ ಗಾಳಿಯ ಅಲುಗಾಟ ತಿಳಿದು ತಾನೇ ಮುಚ್ಚಿಕೊಳ್ಳುವ ಮೋಟಾರಿನದ್ದನ್ನೇ ಕೊಳ್ಳಬೇಕು. ತಿರುಗುವ ಪಟ್ಟಿಗಳ ಅಲ್ಯೂಮಿನಿಯಂ ಪರ್ಗೋಲಾ (ಕಂಬಗಳ ಮೇಲೆ ನಿಂತ ಚೌಕಟ್ಟಿನ ಮಾಡು) ಬಿಸಿಲು ಮಳೆ ಎರಡಕ್ಕೂ ಆಗುತ್ತದೆ, ಎಲ್ಲಕ್ಕಿಂತ ದುಬಾರಿಯೂ ಹೌದು. ಮರಗಳಿರುವ ಕಡೆ ಅದರ ಕಂಬದೊಳಗಿನ ನೀರಿನ ದಾರಿಗೆ ಎಲೆ ಕಸ ಸೇರಿ ಕಟ್ಟಿಕೊಳ್ಳುತ್ತದೆ, ಶುಚಿಮಾಡುವ ಬಾಗಿಲು ಎಲ್ಲಿದೆಯೆಂದು ಕೇಳಿಯೇ ಮುಂದುವರಿಯಬೇಕು.

ನೆಲ, ನೀರು, ಒಪ್ಪಿಗೆ

ಟೆರೇಸಿನವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ನೆಲದ ವಿಚಾರದಲ್ಲಿ. ಮುಂಬೈ, ಪುಣೆಯ ಬಹುಪಾಲು ಟೆರೇಸುಗಳಿಗೆ ನೀರು ಇಳಿಯದಂತೆ ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರು ಮತ್ತು ಸಿಮೆಂಟಿನ ಪದರ, ಹಾಕಿರುತ್ತಾರೆ. ಕಂಬದ ತಟ್ಟೆ ಕೂರಿಸಲು ಅದರೊಳಗೆ ತೂತು ಕೊರೆದರೆ ಬೋಲ್ಟು ಸ್ಲ್ಯಾಬಿನವರೆಗೆ ಸರಿಯಾಗಿ ಕಚ್ಚುವುದಿಲ್ಲ, ನೀರು ಮಾತ್ರ ಕೆಳಗಿನ ಮನೆಯ ಸೀಲಿಂಗ್‌ವರೆಗೆ ಇಳಿಯುತ್ತದೆ. ನಾಲ್ಕು ಇಂಚಿನ ಇಟ್ಟಿಗೆಯ ಪ್ಯಾರಾಪೆಟ್ ಕೂಡ ಮೇಲೆ ಹೇಳಿದ ಎಳೆತವನ್ನು ತಡೆಯಲಾರದು. ಕಟ್ಟಡದ ಆರ್‌ಸಿಸಿ ಕಂಬ ಅಥವಾ ತೊಲೆ ಎಲ್ಲಿದೆಯೆಂದು ನಕ್ಷೆಯಲ್ಲಿ ನೋಡಿ ಅಲ್ಲಿಗೇ ಕೆಮಿಕಲ್ ಆಂಕರ್ (ರಾಸಾಯನಿಕ ಅಂಟಿನಿಂದ ಕಾಂಕ್ರೀಟಿನೊಳಗೆ ಕೂರಿಸುವ ಬೋಲ್ಟು) ಹಾಕಿಸಬೇಕು. ಚೌಕಟ್ಟಿಗೆ ಬಣ್ಣ ಬಳಿದ ಕಬ್ಬಿಣಕ್ಕಿಂತ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದು (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) ಕರಾವಳಿಯಲ್ಲಿ ಹೆಚ್ಚು ಕಾಲ ಬಾಳುತ್ತದೆ. ಸಮುದ್ರದ ಗಾಳಿ ನೇರವಾಗಿ ತಗಲುವ ಕಡೆ ಸ್ಟೀಲಿನ ಬೋಲ್ಟುಗಳು 304 ದರ್ಜೆಯ ಬದಲು ಮಾಲಿಬ್ಡಿನಮ್ ಇರುವ 316 ದರ್ಜೆಯವಾಗಿರಲಿ. ಪೈಪುಗಳ ತೆರೆದ ತುದಿಗೆ ಮುಚ್ಚಳವಿಲ್ಲದಿದ್ದರೆ ಮಳೆನೀರು ಒಳಗೆ ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಪೈಪು ಒಳಗಿನಿಂದ ತುಕ್ಕು ತಿಂದಿರುತ್ತದೆ.

ಮಾಡಿನ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗಬೇಕೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಸುರಿಯಿತು, ಹತ್ತು ಚದರ ಮೀಟರ್ ಮಾಡಿನ ಮೇಲೆ ಅದು ಒಂಬತ್ತು ಸಾವಿರ ಲೀಟರಿಗೂ ಹೆಚ್ಚು. ಅಂಥ ದಿನ ಅಪರೂಪ, ಆದರೆ ಸಾಮಾನ್ಯ ಜುಲೈಯ ಜಡಿಮಳೆಯಲ್ಲೂ ಅಂಚಿನಿಂದ ಧೋ ಎಂದು ಇಳಿಯುವ ನೀರು ಕೆಳಗಿನ ಮನೆಯವರ ಬಾಲ್ಕನಿಗೆ ಬಿದ್ದರೆ ಜಗಳ ತಪ್ಪಿದ್ದಲ್ಲ. ಅಂಚಿಗೆ ದಂಬೆ ಕಟ್ಟಿ ಪೈಪಿನ ಮೂಲಕ ಕಟ್ಟಡದ ಮಳೆನೀರಿನ ಕೊಳವೆಗೆ ಸೇರಿಸುವ ಖರ್ಚನ್ನು ಅಂದಾಜುಪಟ್ಟಿಯಲ್ಲೇ ಹಾಕಿಸಿಕೊಳ್ಳಬೇಕು.

ಕಟ್ಟಡದ ಹೌಸಿಂಗ್ ಸೊಸೈಟಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊರಮೈಯಲ್ಲಿ ಏನನ್ನೂ ಕೂರಿಸಬಾರದು. ಸ್ವಂತ ಟೆರೇಸನ್ನಾದರೂ ಶಾಶ್ವತ ಮಾಡಿನಿಂದ ಮುಚ್ಚಿದರೆ ಅದು ಎಫ್‌ಎಸ್‌ಐ (ನಿವೇಶನದಲ್ಲಿ ಎಷ್ಟು ವಿಸ್ತೀರ್ಣ ಕಟ್ಟಬಹುದೆಂಬ ಮಿತಿ) ಲೆಕ್ಕಕ್ಕೆ ಸೇರುವ ಅನಧಿಕೃತ ಕಟ್ಟಡವೆಂದು ಪಾಲಿಕೆ ಪರಿಗಣಿಸಬಹುದು, ನೋಟಿಸು ಬಂದರೆ ಕೆಡವುವ ಖರ್ಚೂ ಮನೆಯವರದ್ದೇ. ಬಿಚ್ಚಿ ತೆಗೆಯಬಹುದಾದ ಏರ್ಪಾಡುಗಳತ್ತ ನಾನು ವಾಲುವುದಕ್ಕೆ ಇದೂ ಒಂದು ಕಾರಣ. ಪಶ್ಚಿಮಕ್ಕೆ ತೆರೆದ ಮುಂಬೈಯ ಬಾಲ್ಕನಿಗೆ ಬೇಸಿಗೆಗೆ ಚಿಕ್, ಮಳೆಗಾಲಕ್ಕೆ ಪಾರದರ್ಶಕ ಪರದೆ. ಪುಣೆಯ ಟೆರೇಸಿನಲ್ಲಿ ಶೇ. 75ರ ಶೇಡ್ ನೆಟ್, ಒಪ್ಪಿಗೆ ದೊರೆತರೆ ಒಂದು ಮೂಲೆಗೆ ಮಾತ್ರ ಪಫ್ ಪ್ಯಾನೆಲ್. ಗೋವಾದ ಬಿಡಿಮನೆಯ ಜಗಲಿಗೆ ಹೆಂಚು, ಅಂಗಳಕ್ಕೆ ಚಪ್ಪರ. ಇವಿಷ್ಟನ್ನು ಯಾರು ಕೇಳಿದರೂ ಹಿಂಜರಿಯದೆ ಹೇಳುತ್ತೇನೆ.

ಕೆಲಸವನ್ನು ಮಾರ್ಚ್‌ನಲ್ಲೇ ಒಪ್ಪಿಸಬೇಕು, ಏಕೆಂದರೆ ಮೇ ಎರಡನೆಯ ವಾರದ ನಂತರ ಎಲ್ಲ ಫ್ಯಾಬ್ರಿಕೇಟರ್‌ಗಳೂ ಮಳೆಗಾಲದ ಶೆಡ್ಡುಗಳಲ್ಲಿ ಮುಳುಗಿರುತ್ತಾರೆ, ಅವಸರದ ಬೆಸುಗೆಗೆ ಬಣ್ಣ ಒಣಗಲು ಸಮಯವೂ ಇರುವುದಿಲ್ಲ. ಶೀಟಿನ ದಪ್ಪ, ಬೋಲ್ಟಿನ ದರ್ಜೆ, ಲೇಪದ ಬಗೆ, ದಂಬೆಯ ಅಳತೆ ಈ ನಾಲ್ಕನ್ನೂ ಬರಹದಲ್ಲಿ ಪಡೆದು, ಕೆಲಸ ಮುಗಿದ ದಿನ ಅರ್ಧ ಗಂಟೆ ಹೋಸ್ ಪೈಪಿನಿಂದ ಪಶ್ಚಿಮದ ಬದಿಯಿಂದ ಓರೆಯಾಗಿ ನೀರು ಬಿಟ್ಟು, ಸೋರಿದ ಜಾಗಗಳಿಗೆ ಚಾಕ್‌ನಿಂದ ಗುರುತು ಹಾಕಿ ಸರಿಪಡಿಸಿದ ಮೇಲೆಯೇ ಉಳಿದ ಹಣ ಕೊಡಬೇಕು.